ಹನ್ನೊಂದು ಕಾಗದ, ಎರಡು ಮನೆ: ಬೇಸ್‌ಬಾಲ್ ಮಾಲೀಕರ ಹಳೇ ಪತ್ರಗಳ ಒಂದು ಪ್ರಕರಣ

ಈ ಪ್ರಕರಣದ ಸಂಗ್ರಾಹಕರು, ವ್ಯಾಪಾರಿ, ಸಂಸ್ಥೆ, ಕ್ಲಬ್ಬು, ಊರು ಯಾವುದರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಹಿಡಿಯಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಸಂಗ್ರಾಹಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹಳೇ ಕಾಗದ ಕೂಡಿಡುವ ಬೇರೆಯವರು ನಾವು ಎಡವಿದ ಕಡೆ ಎಡವದಿರಲಿ ಅನ್ನೋದು ಅವರ ಆಸೆ, ನನ್ನದೂ ಅದೇ.

ಹಿನ್ನೆಲೆ

ಅವರು ಕನ್ನಡದವರು. ಅಮೆರಿಕದ ಮಧ್ಯಪಶ್ಚಿಮ ಭಾಗಕ್ಕೆ ಬಂದು ಮೂವತ್ತು ವರ್ಷದ ಮೇಲಾಯಿತು. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ನಾನು ಒಂದು ಗ್ರಂಥಾಲಯದ ಹಸ್ತಪ್ರತಿ ವಿಭಾಗದಲ್ಲಿದ್ದೇನೆ. ಊರಿನ ಕನ್ನಡ ಕೂಟದಲ್ಲಿ ಪರಿಚಯವಾಗಿ, ಅಂಕಲ್ ಅಂತ ಕರೆಯುವಷ್ಟು ಹತ್ತಿರವಾದರು. ಇಲ್ಲೂ ಹಾಗೇ ಕರೆಯುತ್ತೇನೆ.

ಅವರ ಅಜ್ಜ ಶಾನುಭೋಗರು. ಮನೆಯ ಅಟ್ಟದ ಮೇಲೆ ಕಡತಗಳಿದ್ದವು. ಇದ್ದಿಲು, ಹುಣಿಸೆಬೀಜದ ಅಂಟು ಬಳಿದು ಕಪ್ಪು ಮಾಡಿದ ಬಟ್ಟೆ, ಅದರ ಮೇಲೆ ಬಳಪದಲ್ಲಿ ಬರೆದ ಲೆಕ್ಕ. ಯಾರು ಎಷ್ಟು ಕಂದಾಯ ಕಟ್ಟಿದರು, ಯಾರು ಬಾಕಿ ಉಳಿಸಿಕೊಂಡರು ಅನ್ನೋದನ್ನು ಓದಿದರೆ ಊರೇ ಕಣ್ಣ ಮುಂದೆ ಬರುತ್ತಿತ್ತಂತೆ. ಬೇಸ್‌ಬಾಲ್ ಮೇಲೆ ಪ್ರೀತಿ ಹುಟ್ಟಿದ್ದು ಅಮೆರಿಕಕ್ಕೆ ಬಂದ ಮೇಲೆ. ಆದರೆ ಅವರು ಆ ಆಟವನ್ನು ನೋಡಿದ್ದು ಅಜ್ಜನ ಕಣ್ಣಿನಿಂದಲೇ. ಆಟಗಾರರ ಹಸ್ತಾಕ್ಷರ, ಕಾರ್ಡು, ಬ್ಯಾಟು ಇವೆಲ್ಲ ಅವರಿಗೆ ಬೇಡ. ದುಡ್ಡು ಹಾಕಿದವರು ಯಾರು, ಎಷ್ಟು ಹಾಕಿದರು, ಎಷ್ಟು ಕಳೆದುಕೊಂಡರು? ಅದನ್ನು ಹೇಳುವ ಕಾಗದ ಬೇಕು.

ಇದೇನು ವಿಚಿತ್ರ ಹುಚ್ಚು ಅಂತ ಅನ್ನಿಸಬಹುದು. ಅಲ್ಲ. ವೃತ್ತಿಪರ ಬೇಸ್‌ಬಾಲ್‌ನ ಮೊದಲ ವರ್ಷಗಳ ದೊಡ್ಡ ಜಗಳ ನಡೆದದ್ದೇ ಈ ಪ್ರಶ್ನೆಯ ಮೇಲೆ. 1869ರಲ್ಲಿ ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ತಂಡ ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟಿತು. 1871ರಲ್ಲಿ ವೃತ್ತಿಪರರ ಮೊದಲ ಸಂಘಟನೆ ಹುಟ್ಟಿತು. ಅದರ ಹೆಸರೇ 'ಆಟಗಾರರ ರಾಷ್ಟ್ರೀಯ ಸಂಘ'. ಹತ್ತು ಡಾಲರ್ ಕಟ್ಟಿದರೆ ಯಾವ ತಂಡ ಬೇಕಾದರೂ ಸೇರಬಹುದಿತ್ತು. 1876ರ ಫೆಬ್ರವರಿ 2ರಂದು ಚಿಕಾಗೋ ಕ್ಲಬ್ಬಿನ ವಿಲಿಯಂ ಹಲ್ಬರ್ಟ್ ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಸಭೆ ಸೇರಿಸಿ ನ್ಯಾಷನಲ್ ಲೀಗ್ ಕಟ್ಟಿದ. ಈ ಸಲ ಹೆಸರಿನಲ್ಲಿ 'ಆಟಗಾರರು' ಹೋಗಿ 'ಕ್ಲಬ್ಬುಗಳು' ಬಂತು. ಸೇರುವ ಕ್ಲಬ್ಬು ವರ್ಷಕ್ಕೆ 100 ಡಾಲರ್ ಕಟ್ಟಬೇಕು. ಊರಿನ ಜನಸಂಖ್ಯೆ ಸಾಮಾನ್ಯವಾಗಿ 75,000 ಇರಬೇಕು. ಒಂದು ಪದ ಬದಲಾದದ್ದರಲ್ಲಿ ಆಟ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋದು ಗೊತ್ತಾಗುತ್ತೆ, ಅಲ್ವಾ?

ಮೂರು ವರ್ಷ ಕಳೆದು, 1879ರ ಸೆಪ್ಟೆಂಬರ್‌ನಲ್ಲಿ, ಮಾಲೀಕರು ಬಫಲೋದಲ್ಲಿ ಸೇರಿ ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡರು. ಪ್ರತಿ ಕ್ಲಬ್ಬು ಐದು ಆಟಗಾರರನ್ನು ತನಗೆಂದು ಕಾದಿರಿಸಿಕೊಳ್ಳಬಹುದು. ಅವರನ್ನು ಬೇರೆ ಯಾರೂ ಮಾತಾಡಿಸಬಾರದು. ಐಪಿಎಲ್‌ನಲ್ಲಿ ತಂಡಗಳು ಆಟಗಾರರನ್ನು ಉಳಿಸಿಕೊಳ್ಳುವುದನ್ನು ನಾವು ನೋಡಿದ್ದೇವೆ. ಇಲ್ಲಿ ಅದಕ್ಕೆ ಕೊನೆಯೇ ಇರಲಿಲ್ಲ. ವರ್ಷ ಮುಗಿದರೂ ಆಟಗಾರ ಅದೇ ಕ್ಲಬ್ಬಿಗೆ ಕಟ್ಟುಬಿದ್ದಿರುತ್ತಿದ್ದ. 1883ರ ಹೊತ್ತಿಗೆ ಐದು ಹೋಗಿ ಹನ್ನೊಂದಾಯಿತು. ಈ ಕಟ್ಟು ಸಡಿಲವಾದದ್ದು 1975ರ ಡಿಸೆಂಬರ್‌ನ ಒಂದು ಪಂಚಾಯ್ತಿ ತೀರ್ಪಿನಿಂದ. ಆ ಒಂದು ಮಾತುಕತೆಯ ನೆರಳು ಸುಮಾರು ನೂರು ವರ್ಷ ಆಟಗಾರರ ಮೇಲಿತ್ತು.

ಇಂಥ ಮಾತುಕತೆಗಳ ಒಳಗು ತಿಳಿಯೋದು ಪತ್ರಗಳಿಂದ. ರೆಡ್ ಸ್ಟಾಕಿಂಗ್ಸ್ ತಂಡವನ್ನು ನಡೆಸಿದ ಹ್ಯಾರಿ ರೈಟ್‌ನ ಪತ್ರಗಳು, ದಿನಚರಿಗಳು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ. ಆಟಗಾರನಾಗಿದ್ದು ಆಮೇಲೆ ಕ್ರೀಡಾಸಾಮಗ್ರಿ ವ್ಯಾಪಾರಿಯಾದ ಎ. ಜಿ. ಸ್ಪಾಲ್ಡಿಂಗ್ ಸಂಗ್ರಹದ ಜತೆ ಅವು 1921ರಲ್ಲಿ ಅಲ್ಲಿಗೆ ಬಂದವು. ದುಡ್ಡು ತಿಂದು ಬೇಕೆಂದೇ ಪಂದ್ಯ ಸೋತ 1877ರ ಲೂಯಿವಿಲ್ ಹಗರಣದಲ್ಲಿ ಆಟದಿಂದ ಹೊರಹಾಕಲ್ಪಟ್ಟ ಜಿಮ್ ಡೆವ್ಲಿನ್ ಮರುವರ್ಷ ರೈಟ್‌ಗೆ ಏನಾದರೂ ಕೆಲಸ ಕೊಡಿಸಿ ಅಂತ ಬೇಡಿ ಬರೆದ ಪತ್ರ ಈ ಕಾಲದ್ದೇ. ಸಿನ್ಸಿನಾಟಿ ಕ್ಲಬ್ಬಿನ ಅಧ್ಯಕ್ಷನಾಗಿದ್ದ ಗ್ಯಾರಿ ಹರ್ಮನ್‌ನ ಸಾವಿರಾರು ಕಾಗದಪತ್ರಗಳು ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಎಂಬ ವಸ್ತುಸಂಗ್ರಹಾಲಯದ ಗ್ರಂಥಾಲಯದಲ್ಲಿವೆ. ಇವೆಲ್ಲ ದೊಡ್ಡ ಕ್ಲಬ್ಬುಗಳವು. ಸಣ್ಣ ಊರಿನ ಕ್ಲಬ್ಬುಗಳ ಕಾಗದ ಮನೆಮನೆಗಳಲ್ಲಿ ಚದುರಿಹೋಗಿದೆ. ಅಂಕಲ್ ಹುಡುಕುತ್ತಿದ್ದದ್ದು ಅದನ್ನು.

ಮೊದಲ ನಾಲ್ಕು

ಒಬ್ಬ ವ್ಯಾಪಾರಿಯ ಹತ್ತಿರ ನಾಲ್ಕು ಪತ್ರ ಸಿಕ್ಕವು. 1880ರಿಂದ 1882ರವರೆಗಿನವು. ನ್ಯಾಷನಲ್ ಲೀಗ್ ಸೇರದ ಒಂದು ಸಣ್ಣ ಕ್ಲಬ್ಬಿನ ಕಾರ್ಯದರ್ಶಿ, ಅದೇ ಕ್ಲಬ್ಬಿನ ಷೇರುದಾರನೊಬ್ಬನಿಗೆ ಬರೆದದ್ದು. ಆ ಷೇರುದಾರನಿಗೆ ಮರದ ಮಂಡಿ ಇತ್ತು. ಪತ್ರದ ತುಂಬ ಬೇಲಿಯ ಹಲಗೆ, ಬಡಗಿಯ ಕೂಲಿ, ಗೇಟಿನಲ್ಲಿ ಬಂದ ದುಡ್ಡು, ಷೇರಿನ ಬಾಕಿ. ಒಬ್ಬ ಪ್ರಸಿದ್ಧ ಆಟಗಾರನ ಹೆಸರೂ ಇಲ್ಲ. ಹಾಗಾಗಿ ಬೆಲೆಯೂ ಕಡಿಮೆ ಇತ್ತು.

ಅಂಕಲ್ ಕೊಳ್ಳುವ ಮೊದಲು ನನ್ನನ್ನು ಕರೆದರು. ವ್ಯಾಪಾರಿ ನೋಡಲು ಕಳಿಸಿಕೊಟ್ಟಿದ್ದ. ಊಟದ ಮೇಜಿನ ಮೇಲೆ ಬಿಳೀ ಬಟ್ಟೆ ಹಾಸಿ, ಕಾಫಿ ಲೋಟಗಳನ್ನು ಅಡುಗೆಮನೆಯಲ್ಲೇ ಬಿಟ್ಟು, ನಾಲ್ಕನ್ನೂ ಒಂದೊಂದಾಗಿ ನೋಡಿದೆವು. ಮೊದಲು ದೀಪ ಆರಿಸಿ ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟೆ. ಎರಡನೇ ಮಹಾಯುದ್ಧದ ನಂತರದ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದ್ದರೆ ಅದು ನೀಲಿಯಾಗಿ ಹೊಳೆಯುತ್ತೆ. ಇವು ಹೊಳೆಯಲಿಲ್ಲ. ಭೂತಗನ್ನಡಿಯಲ್ಲಿ ಶಾಯಿ ನೋಡಿದೆ. ಕಬ್ಬಿಣ ಬೆರೆಸಿದ ಹಳೇ ಶಾಯಿ, ಕಂದುಬಣ್ಣಕ್ಕೆ ತಿರುಗಿತ್ತು. ಒತ್ತಿ ಬರೆದ ಕಡೆ ಕಾಗದದ ಹಿಂಬದಿಗೂ ಇಳಿದಿತ್ತು. ಮೂರು ಮಡಿಕೆ. ಹೊರಗಿನ ಮಡಿಕೆಯ ಅಂಚು ಮಾತ್ರ ಮಾಸಿತ್ತು. ಅಂದರೆ ಎಷ್ಟೋ ವರ್ಷ ಮಡಿಸಿಯೇ ಇಟ್ಟ ಕಾಗದ. ಎಲ್ಲದಕ್ಕೂ ಲಕೋಟೆ ಇತ್ತು. ಲಕೋಟೆಯ ಮೇಲೆ ಆ ಕಾಲದ ಹಸಿರು ಬಣ್ಣದ 3 ಸೆಂಟ್ ಚೀಟಿ. ಮಡಿಕೆಯ ಅಳತೆ ಲಕೋಟೆಗೆ ಸರಿಯಾಗಿ ಕೂರುತ್ತಿತ್ತು.

ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ವ್ಯಾಪಾರಿ ಷೇರುದಾರನ ವಂಶದವರ ಮನೆಯಲ್ಲಿ ಸಾಮಾನು ಮಾರಿದಾಗ ಕೊಂಡ ರಸೀದಿ ತೋರಿಸಿದ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಅಂಕಲ್ ಕೊಂಡರು.

ಮತ್ತೆ ಏಳು

ಐದು ತಿಂಗಳಾದ ಮೇಲೆ ಅದೇ ವ್ಯಾಪಾರಿ ಫೋನ್ ಮಾಡಿದ. 'ಅದೇ ಮನೆಯವು, ಇನ್ನೂ ಏಳಿವೆ, ಬೇರೆಯವರೂ ಕೇಳುತ್ತಿದ್ದಾರೆ' ಅಂದ. ಬೆಲೆ ಮೊದಲಿನದರ ಐದು ಪಟ್ಟು. ಈ ಪತ್ರಗಳು ನಿಜಕ್ಕೂ ರಸವತ್ತಾಗಿದ್ದವು. ಮಂಡಿಯ ಷೇರುದಾರ ಮತ್ತು ಇನ್ನಿಬ್ಬರು ಕಾರ್ಯದರ್ಶಿಗೆ ಬರೆದದ್ದು. ದೊಡ್ಡ ಕ್ಲಬ್ಬುಗಳು ಆಟಗಾರರ ಸಂಬಳದಲ್ಲಿ ಬಟ್ಟೆಗೆ 30 ಡಾಲರ್, ಪ್ರವಾಸದ ಊಟಕ್ಕೆ ದಿನಕ್ಕೆ 50 ಸೆಂಟ್ ಹಿಡಿಯುತ್ತಿದ್ದ ಕಾಲ ಅದು. ನಾವೂ ಹಾಗೇ ಮಾಡೋಣವೇ ಅಂತ ಇವರಲ್ಲೇ ವಾದ ನಡೆದಿತ್ತು. ಒಬ್ಬ ಬೇಡ ಅಂತಾನೆ, ಹುಡುಗರು ಬಿಟ್ಟುಹೋಗುತ್ತಾರೆ ಅಂತ ಹೆದರುತ್ತಾನೆ.

ಅಂಕಲ್ ನನಗೆ ಫೋಟೋ ಕಳಿಸಿ ಕೇಳಿದರು. ನಾನು ಕೆಲಸದ ಮಧ್ಯೆ ಫೋನಿನಲ್ಲೇ ನೋಡಿದೆ. ಅದೇ ಹೆಸರುಗಳು, ಅದೇ ಊರು, ಅದೇ ಶಾಯಿ. 'ಸರಿಯಾಗಿಯೇ ಇದೆ ಅಂಕಲ್' ಅಂದೆ. ಇಡೀ ಪ್ರಕರಣದಲ್ಲಿ ನನ್ನ ತಪ್ಪು ಇದು. ಮೊದಲ ನಾಲ್ಕು ಚೆನ್ನಾಗಿದ್ದವು ಎಂಬ ಒಂದೇ ಕಾರಣಕ್ಕೆ ಈ ಏಳನ್ನೂ ನಂಬಿದೆ. ಒಂದು ಗಂಟಿಗೆ ಸಿಕ್ಕ ಸಾಕ್ಷಿಯನ್ನು ಇನ್ನೊಂದು ಗಂಟಿಗೂ ಹೊದಿಸಿಬಿಟ್ಟೆ. ರಸೀದಿ ತೋರಿಸಿದ್ದು ನಾಲ್ಕಕ್ಕೆ. ಏಳಕ್ಕೆ ಬರೀ ಬಾಯಿಮಾತು. ಆ ವ್ಯತ್ಯಾಸ ನನಗೆ ಹೊಳೆಯಲೇ ಇಲ್ಲ. ನಂತರ ನಾನು ನೋಡಿದ ಎಷ್ಟೋ ಬೇರೆ ಪ್ರಕರಣಗಳಲ್ಲೂ ಸಂಗ್ರಾಹಕರು ಬಿದ್ದಿರುವುದು ಎರಡನೇ ಖರೀದಿಯಲ್ಲೇ. ಮೊದಲ ಸಲ ಎಲ್ಲರೂ ಎಚ್ಚರವಾಗಿರುತ್ತಾರೆ.

ಲಕೋಟೆ ಹೇಳಿದ್ದು

ಪತ್ರಗಳು ಬಂದು ಎರಡು ವಾರಕ್ಕೆ ಅಂಕಲ್ ಫೋನ್ ಮಾಡಿದರು. 'ನೋಡಮ್ಮ, ಒಂದು ಲೆಕ್ಕ ಕೂಡ್ತಾ ಇಲ್ಲ' ಅಂದರು.

ಏಳರಲ್ಲಿ ಒಂದಕ್ಕೆ ಮಾತ್ರ ಲಕೋಟೆ ಇತ್ತು. ಪತ್ರದ ತಾರೀಖು 1881ರ ಮಾರ್ಚ್. ಲಕೋಟೆಯ ಮೇಲಿದ್ದದ್ದು 2 ಸೆಂಟ್‌ನ ಕೆಂಗಂದು ಬಣ್ಣದ ಚೀಟಿ, ಜಾರ್ಜ್ ವಾಷಿಂಗ್ಟನ್ ಚಿತ್ರ. ಅಮೆರಿಕದಲ್ಲಿ ಪತ್ರದ ದರ 3 ಸೆಂಟ್‌ನಿಂದ 2 ಸೆಂಟ್‌ಗೆ ಇಳಿದದ್ದು 1883ರ ಅಕ್ಟೋಬರ್ 1ರಂದು. ಈ ಕೆಂಗಂದು ಚೀಟಿ ಬಂದದ್ದೂ ಅದೇ ದಿನ. ಅದಕ್ಕೂ ಮುಂಚೆ ಊರೊಳಗಿನ ಪತ್ರಕ್ಕೆ 2 ಸೆಂಟ್ ಇದ್ದದ್ದು ನಿಜ. ಆದರೆ ಆಗಿನ 2 ಸೆಂಟ್ ಚೀಟಿ ಬೇರೆ, ಅದರ ಮೇಲೆ ಆಂಡ್ರೂ ಜಾಕ್ಸನ್ ಚಿತ್ರ. ಮೊಹರಿನಲ್ಲಿ ತಿಂಗಳು, ದಿನ ಇತ್ತು, ಇಸವಿ ಇರಲಿಲ್ಲ. ಆ ಕಾಲದ ಬಹಳಷ್ಟು ಮೊಹರುಗಳು ಹಾಗೇ. ಒಟ್ಟಿನಲ್ಲಿ 1881ರ ಪತ್ರ ಈ ಲಕೋಟೆಯಲ್ಲಿ ಬಂದಿರಲು ಸಾಧ್ಯವೇ ಇಲ್ಲ.

ಹಳೇ ಕಾಗದದ ವ್ಯಾಪಾರದಲ್ಲಿ ಪತ್ರವೊಂದಕ್ಕೆ ಸಿಕ್ಕ ಲಕೋಟೆ ಜೋಡಿಸುವುದು ಹೊಸದಲ್ಲ. ಅಂಕಲ್‌ಗೆ ಚುಚ್ಚಿದ ಪ್ರಶ್ನೆ ಬೇರೆ. 'ಮೊದಲನೇ ನಾಲ್ಕಕ್ಕೆ ಲಕೋಟೆ ಇತ್ತು. ಇವೂ ಅದೇ ಮನೆಯವು ಅಂತ ಅನ್ನಿಸೋಕೆ ಯಾರೋ ಹಾಕಿದಾರೆ. ಹಾಗೆ ಅನ್ನಿಸಬೇಕಾದ ಅಗತ್ಯ ಏನಿತ್ತು?'

ಇನ್ನೊಂದು ಮಾತನ್ನೂ ಅವರೇ ಎತ್ತಿದರು. ನಾನು ಯೋಚಿಸಬೇಕಿದ್ದದ್ದು ಅದು. ಮಂಡಿಯವನಿಗೆ ಬಂದ ಪತ್ರ ಮಂಡಿಯವನ ಮನೆಯಲ್ಲಿ ಸಿಗುತ್ತೆ. ಮಂಡಿಯವನು ಕಾರ್ಯದರ್ಶಿಗೆ ಕಳಿಸಿದ ಪತ್ರ ಅವನ ಮನೆಯಲ್ಲಿ ಹೇಗೆ ಸಿಗುತ್ತೆ? ಪ್ರತಿ ಇಟ್ಟುಕೊಂಡಿದ್ದರೆ ಸಿಗಬಹುದು. ಆದರೆ ಆಗ ಪ್ರತಿ ತೆಗೆಯುತ್ತಿದ್ದದ್ದು ತೆಳು ಹಾಳೆಯ ಪುಸ್ತಕದಲ್ಲಿ, ಒದ್ದೆ ಮಾಡಿ, ಒತ್ತಿ. ಇವು ಪ್ರತಿಗಳಲ್ಲ, ಕಳಿಸಿದ ಪತ್ರಗಳೇ.

ಅವತ್ತು ಸಂಜೆಯೇ ಹೋದೆ. ಈ ಸಲ ಟಾರ್ಚನ್ನು ಮೇಲಿಂದ ಹಿಡಿಯಲಿಲ್ಲ. ಪತ್ರವನ್ನು ಮಗುಚಿ ಇಟ್ಟು, ಮೇಜಿನ ಮಟ್ಟಕ್ಕೆ ಬೆಳಕನ್ನು ಅಡ್ಡಲಾಗಿ ಹಾಯಿಸಿದೆ. ಹಿಂಬದಿಯ ನಾಲ್ಕು ಮೂಲೆಯಲ್ಲೂ ಕಾಳುಮೆಣಸಿಗಿಂತ ತುಸು ದೊಡ್ಡ ಕಲೆ. ಒಣಗಿದ ಅಂಟು. ಒಂದು ಮೂಲೆಯಲ್ಲಿ ಅಂಟಿನ ಜತೆ ಕಾಗದದ ಒಂದು ಪದರವೂ ಕಿತ್ತುಬಂದು ತೆಳುವಾಗಿತ್ತು. ಬಲಗಡೆ ಮೇಲೆ ಪೆನ್ಸಿಲಿನಲ್ಲಿ ಏನೋ ಬರೆದು ರಬ್ಬರಿನಲ್ಲಿ ಅಳಿಸಿದ್ದರು. ಸೀಸ ಹೋಗಿತ್ತು, ಒತ್ತಿದ ಗೆರೆ ಹೋಗಿರಲಿಲ್ಲ. 37. ಮುಂದಿನದರಲ್ಲಿ 38. ಒಂದರಲ್ಲಿ 41. ಏಳರಲ್ಲೂ ಅಂಟು, ಏಳರಲ್ಲೂ ಅಂಕಿ. ಮಡಿಕೆಗಳೂ ಬೇರೆ ಥರ. ಹೊರಗಿನ ಅಂಚು ಮಾಸಿರಲಿಲ್ಲ, ಇಡೀ ಹಾಳೆ ಒಂದೇ ಸಮ ಹಳದಿಯಾಗಿತ್ತು. ಬಿಚ್ಚಿಟ್ಟು, ಒಂದು ಪುಸ್ತಕಕ್ಕೆ ಅಂಟಿಸಿದ್ದ ಕಾಗದಗಳು ಇವು.

ಮೊದಲ ನಾಲ್ಕನ್ನು ಮತ್ತೆ ತೆಗೆದು ನೋಡಿದೆವು. ಅಂಟಿಲ್ಲ, ಅಂಕಿಯಿಲ್ಲ.

ಪುಸ್ತಕದ ಹುಡುಕಾಟ

ಅಂಕಲ್ ಎದುರಿಗಿದ್ದ ದಾರಿಗಳು ಮೂರು. ವ್ಯಾಪಾರಿಗೆ ವಾಪಸ್ ಕೊಟ್ಟು ದುಡ್ಡು ಕೇಳೋದು. ಸುಮ್ನೆ ಇಟ್ಟುಕೊಳ್ಳೋದು. ಪುಸ್ತಕ ಎಲ್ಲಿದೆ ಅಂತ ಹುಡುಕೋದು. ಮೊದಲನೇದು ಸುಲಭ, ನ್ಯಾಯ ಅಂತಲೂ ಕಾಣುತ್ತೆ. ಆದರೆ ವಾಪಸ್ ಕೊಟ್ಟರೆ ಅವು ಒಂದೊಂದಾಗಿ ಏಳು ಜನರ ಮನೆ ಸೇರುತ್ತವೆ. ಆಮೇಲೆ ಯಾರಿಗೂ ಸಿಗುವುದಿಲ್ಲ. ಹಾಗಾಗಿ ಅಂಕಲ್ ಕೊಡಲಿಲ್ಲ. ದುಡ್ಡು ವಾಪಸ್ ಬರುವ ದಾರಿಯನ್ನು ಅವರೇ ಕಿರಿದು ಮಾಡಿಕೊಂಡರು ಅಂತ ಗೊತ್ತಿದ್ದೇ ಆ ನಿರ್ಧಾರ ತೆಗೆದುಕೊಂಡರು.

ಈ ವಿಷಯದಲ್ಲಿ ಬೇಸ್‌ಬಾಲ್ ಸಂಗ್ರಾಹಕರಿಗೆ ಒಂದು ಹಳೇ ಗಾಯ ಇದೆ. ನಾನು ಮೇಲೆ ಹೇಳಿದ ಸ್ಪಾಲ್ಡಿಂಗ್ ಸಂಗ್ರಹದಿಂದ ಬಹಳಷ್ಟು ಕಾಣೆಯಾಗಿದೆ ಅಂತ 1980ರ ದಶಕದಲ್ಲಿ ಎಣಿಸಿ ನೋಡಿದಾಗ ಗೊತ್ತಾಯಿತು. ಹ್ಯಾರಿ ರೈಟ್‌ಗೆ ಬಂದ ಪತ್ರಗಳನ್ನು ಅಂಟಿಸಿದ್ದ ಪುಸ್ತಕಗಳೂ ಕಾಣೆಯಾದವುಗಳಲ್ಲಿ ಸೇರಿದ್ದವು. 2009ರಲ್ಲಿ ರೈಟ್‌ಗೆ ಬಂದಿದ್ದ ಪತ್ರಗಳು ಒಂದು ಹರಾಜಿನಲ್ಲಿ ಕಾಣಿಸಿಕೊಂಡಾಗ ಪ್ರಶ್ನೆ ಎದ್ದು, ಎಫ್‌ಬಿಐ ತನಿಖೆಗೆ ಇಳಿಯಿತು. ಅಂಕಲ್‌ಗೆ ಈ ಕಥೆ ಗೊತ್ತಿತ್ತು. ಅಂಟಿನ ಕಲೆ ಕಂಡ ಕೂಡಲೇ ಅವರ ಮುಖ ಬಾಡಿದ್ದು ಅದಕ್ಕೇ.

ನಮ್ಮದು ಅಷ್ಟು ದೊಡ್ಡ ವಿಷಯ ಅಲ್ಲ. ಆದರೆ ಹುಡುಕುವ ದಾರಿ ಅದೇ. ಕಾರ್ಯದರ್ಶಿಯ ಹೆಸರು ಗೊತ್ತಿತ್ತು. ಅವನು ಬಾಳಿ ಸತ್ತ ಊರಿನ ಸುತ್ತಮುತ್ತಲ ಗ್ರಂಥಾಲಯ, ಇತಿಹಾಸ ಸಂಘಗಳ ಹಳೇ ಪಟ್ಟಿಗಳನ್ನು ಕೇಳಿ ತರಿಸಿದೆ. ಕಂಪ್ಯೂಟರಿನಲ್ಲಿರುವ ಹೊಸ ಪಟ್ಟಿಯಲ್ಲ, ಬೆರಳಚ್ಚು ಮಾಡಿದ ಹಳೇ ಕಾರ್ಡುಗಳ ಫೋಟೋ. ಹೊಸ ಪಟ್ಟಿ ಮಾಡುವಾಗ ಕೈಯಲ್ಲಿ ಇರುವುದನ್ನು ಮಾತ್ರ ಬರೆದಿರುತ್ತಾರೆ. ಹಿಂದೆ ಏನಿತ್ತು ಅನ್ನೋದು ಹಳೇ ಕಾರ್ಡಿಗೇ ಗೊತ್ತು. ಮೂರನೇ ಕಡೆ ಸಿಕ್ಕಿತು. 'ಬೇಸ್‌ಬಾಲ್ ಕ್ಲಬ್ಬಿನ ಪತ್ರಗಳು, ಒಂದು ಸಂಪುಟ, 52 ಪತ್ರಗಳು.'

ಫೋನ್ ಎತ್ತಿದವರು ಆ ಸಂಘದ ಒಬ್ಬಳೇ ನೌಕರಳು. ಕಪಾಟಿನಿಂದ ಪುಸ್ತಕ ತೆಗೆದು ಎಣಿಸಿ ಹೇಳಿದರು. 36 ಇವೆ. ಹದಿನಾರು ಇಲ್ಲ. ಯಾವಾಗಿನಿಂದ ಇಲ್ಲ ಅಂತ ಯಾರಿಗೂ ತಿಳಿಯದು. ದೂರು ಕೊಟ್ಟ ದಾಖಲೆಯೂ ಇಲ್ಲ.

ಇಲ್ಲಿ ಪ್ರಕರಣ ನಿಂತುಹೋಗಬಹುದಿತ್ತು. ಕಾರ್ಡಿನಲ್ಲಿ ಒಂದೊಂದು ಪತ್ರದ ವಿವರ ಇರಲಿಲ್ಲ. ಇದೇ ಪತ್ರಗಳು ಅಂತ ಹೇಗೆ ಹೇಳೋದು? ಖಾಲಿ ಹಾಳೆಗಳ ಫೋಟೋ ಕಳಿಸಿ ಅಂತ ಕೇಳಿದೆ. ಬಂದ ಫೋಟೋ ನೋಡಿ ಐದು ನಿಮಿಷ ಮಾತಾಡಲಾಗಲಿಲ್ಲ. ಕಬ್ಬಿಣದ ಶಾಯಿಯಲ್ಲಿ ಆಮ್ಲ ಇರುತ್ತೆ. ಪುಸ್ತಕ ಮುಚ್ಚಿಟ್ಟಾಗ ಎದುರಿನ ಹಾಳೆಯನ್ನೂ ಅದು ನಿಧಾನವಾಗಿ ಸುಡುತ್ತೆ. 37ನೇ ಹಾಳೆಯಲ್ಲಿ ಪತ್ರ ಇರಲಿಲ್ಲ. ಅದರ ಎದುರಿನ ಪುಟದಲ್ಲಿ ಅದರ ನೆರಳು ಇತ್ತು. ತೆಳು ಕಂದುಬಣ್ಣದ ಸಾಲುಗಳು, ಎಡ ಬಲ ತಿರುಗಿ. ಫೋಟೋವನ್ನು ಫೋನಿನಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಮಗುಚಿ, ಅಂಕಲ್ ಮೇಜಿನ ಮೇಲಿದ್ದ ಪತ್ರದ ಪಕ್ಕ ಹಿಡಿದೆ. ಮಂಡಿಯವನ ಸಹಿಯ ಕೆಳಗೆ ಎಳೆದ ಉದ್ದದ ಗೆರೆ, ಅದರ ಕೊನೆಯಲ್ಲಿ ಶಾಯಿ ತೊಟ್ಟಿಕ್ಕಿದ ಚುಕ್ಕೆ. ಎರಡರಲ್ಲೂ ಒಂದೇ ಜಾಗದಲ್ಲಿ.

ದಾನ ಅಲ್ಲ, ವಾಪಸ್

ಅಮೆರಿಕದ ಕಾನೂನಿನಲ್ಲಿ ಕಳ್ಳನಿಗೆ ಮಾಲು ತನ್ನದಾಗುವುದಿಲ್ಲ. ಅವನಿಂದ ಕೊಂಡವರಿಗೂ ಸಾಮಾನ್ಯವಾಗಿ ಆಗುವುದಿಲ್ಲ, ಗೊತ್ತಿಲ್ಲದೆ ಕೊಂಡಿದ್ದರೂ ಸರಿ. ಆದರೆ ಕದ್ದದ್ದೇ ಎಂದು ತೋರಿಸುವ ದೂರು ಇಲ್ಲಿ ಇರಲಿಲ್ಲ. ಸಂಘದವರಿಗೂ ಮುಜುಗರ. ಅವರ ಕಡೆಯ ಒಬ್ಬರು ಒಂದು ದಾರಿ ಹೇಳಿದರು. ನೀವು ಇದನ್ನು ದಾನ ಅಂತ ಬರೆದುಕೊಡಿ, ನಿಮಗೂ ತೆರಿಗೆಯಲ್ಲಿ ಸ್ವಲ್ಪ ಉಳಿಯುತ್ತೆ, ನಮಗೂ ಕಾಗದಪತ್ರ ಸರಳ.

ನನಗೆ ಅದು ಸರಿ ಅನ್ನಿಸಿತು. ಅಂಕಲ್ ಒಂದು ರಾತ್ರಿ ಯೋಚಿಸಿದರು. ಬೆಳಿಗ್ಗೆ ಫೋನ್ ಮಾಡಿ ಹೇಳಿದರು: 'ನೋಡಮ್ಮ, ನಂದಲ್ಲದ್ದನ್ನ ನಾನು ಹೇಗೆ ದಾನ ಮಾಡ್ಲಿ? ದಾನ ಅಂತ ಸಹಿ ಹಾಕಿದ್ರೆ ಅದು ನಂದಾಗಿತ್ತು ಅಂತ ಸಹಿ ಹಾಕಿದ ಹಾಗೆ.' ಆಂಟಿಯ ಮಾತೂ ಅದೇ ಆಗಿತ್ತಂತೆ.

ಆ ಮಾತು ನ್ಯಾಯದ್ದು ಮಾತ್ರ ಅಲ್ಲ, ಉಪಯೋಗದ್ದೂ ಆಯಿತು. ದಾನ ಅಂತ ಬರೆದಿದ್ದರೆ ಉಳಿದ ಒಂಬತ್ತು ಪತ್ರಗಳು ಕಾಣೆಯಾಗಿವೆ ಅನ್ನೋದು ದಾಖಲೆಗೇ ಬರುತ್ತಿರಲಿಲ್ಲ. 'ಸಂಸ್ಥೆಯಿಂದ ಕಾಣೆಯಾಗಿದ್ದವು, ಮರಳಿ ಬಂದಿವೆ' ಅಂತ ಬರೆಯಬೇಕಾದಾಗ ಸಂಘದವರು ಕೂತು ಕಾಣೆಯಾದ ಹದಿನಾರರ ಪಟ್ಟಿ ಮಾಡಿದರು. ಪೊಲೀಸರಿಗೆ ದೂರನ್ನೂ ಕೊಟ್ಟರು. ಎಷ್ಟೋ ದಶಕ ತಡವಾಗಿಯಾದರೂ. ಸಣ್ಣ ಸಂಸ್ಥೆಗಳು ಇಂಥ ದೂರು ಕೊಡಲು ನಾಚುತ್ತವೆ. ಕಳ್ಳನಿಗೆ ಅದಕ್ಕಿಂತ ಜಾಸ್ತಿ ಅನುಕೂಲ ಬೇರೆ ಬೇಕಿಲ್ಲ.

ವ್ಯಾಪಾರಿ ಮೊದಲು ಉತ್ತರವನ್ನೇ ಕೊಡಲಿಲ್ಲ. ನೆರಳಿನ ಫೋಟೋ ಕಳಿಸಿದ ಮೇಲೆ, ತಾನೂ ಬೇರೆಯವರಿಂದ ಕೊಂಡದ್ದು ಅಂದ. ಅರ್ಧ ದುಡ್ಡು ವಾಪಸ್ ಬಂತು. ಲಕೋಟೆ ಹಾಕಿದ್ದು ಯಾರು ಅನ್ನೋದಕ್ಕೆ ಅವನು ಏನೂ ಹೇಳಲಿಲ್ಲ.

ಎರಡು ಕಡೆಯ ಮಾತು

ಅಂಕಲ್ ಸಂಘದವರಿಂದ ಕೇಳಿದ್ದು ಒಂದೇ: ಪುಸ್ತಕದ ಎಲ್ಲ ಪತ್ರಗಳ ಚಿತ್ರ, ಓದಿ ಬರೆದುಕೊಳ್ಳಲು ಅನುಮತಿ. ತಮ್ಮ ನಾಲ್ಕು ಪತ್ರಗಳ ಚಿತ್ರವನ್ನು ಅವರಿಗೂ ಕೊಟ್ಟರು. ಆಗ ಗೊತ್ತಾಯಿತು, ನಾಲ್ಕರಲ್ಲಿ ಮೂರು ಪುಸ್ತಕದ ಪತ್ರಗಳಿಗೆ ನೇರ ಉತ್ತರ. ನೂರ ನಲವತ್ತು ವರ್ಷ ಪ್ರಶ್ನೆ ಒಂದು ಮನೆಯಲ್ಲಿತ್ತು, ಉತ್ತರ ಇನ್ನೊಂದು ಮನೆಯಲ್ಲಿತ್ತು.

ಮಂಡಿಯವನು ಷೇರಿಗೆ ಇನ್ನು ಹತ್ತು ಡಾಲರ್ ಕೊಡಲಾರೆ ಅಂತ ಬರೆಯುತ್ತಾನೆ. ಕಾರ್ಯದರ್ಶಿ ನೀವು ಕೊಡದಿದ್ದರೆ ಉಳಿದವರೂ ಕೊಡುವುದಿಲ್ಲ ಅಂತ ಬೇಡುತ್ತಾನೆ. ಮುಂದಿನ ಪತ್ರದಲ್ಲಿ ಮಂಡಿಯವನು ದುಡ್ಡಿನ ಬದಲು ಪ್ರೇಕ್ಷಕರ ಗ್ಯಾಲರಿಯ ಮರ ಕೇಳುತ್ತಾನೆ, ಅದು ತನ್ನ ಮಂಡಿಯಿಂದಲೇ ಸಾಲವಾಗಿ ಹೋದ ಮರ. ಅಂಕಲ್ ಬಳಿಯ ಕೊನೆಯ ಪತ್ರದಲ್ಲಿ ಕಾರ್ಯದರ್ಶಿ, ಗಾಡಿ ಕಳಿಸಿ, ಬುಧವಾರದ ಹೊತ್ತಿಗೆ ಬಿಚ್ಚಿಟ್ಟಿರುತ್ತೇವೆ ಅಂತ ಎರಡೇ ಸಾಲು ಬರೆದಿದ್ದಾನೆ. ಒಂದು ಕ್ಲಬ್ಬು ಮುಗಿದದ್ದು ಹಾಗೆ. ನಾವು ಮೊದಲು ಆ ಎರಡು ಸಾಲು ಓದಿದಾಗ ಯಾವುದೋ ರಿಪೇರಿ ಕೆಲಸ ಅಂದುಕೊಂಡಿದ್ದೆವು.

ಈಗ ಅಂಕಲ್ ಏನಾದರೂ ಕೊಳ್ಳುವ ಮುಂಚೆ ಬೆಲೆ ಕೇಳುವುದಿಲ್ಲ. ಪತ್ರದ ಹಿಂಬದಿಯ ಫೋಟೋ ಕೇಳುತ್ತಾರೆ, ಅಡ್ಡ ಬೆಳಕಿನಲ್ಲಿ ತೆಗೆದದ್ದು. ಪತ್ರ ಯಾರಿಗೆ ಬಂದದ್ದು, ಈಗ ಯಾರ ಮನೆಯಿಂದ ಹೊರಟಿದೆ, ಎರಡೂ ಹೊಂದುತ್ತವೆಯೇ ಅಂತ ನೋಡುತ್ತಾರೆ. ಹೊಂದದಿದ್ದರೆ ಯಾಕೆ ಅಂತ ಬರಹದಲ್ಲಿ ಉತ್ತರ ಬೇಕು. ಒಂದೇ ವ್ಯಾಪಾರಿಯ ಹತ್ತನೇ ಪತ್ರಕ್ಕೂ ಹೊಸ ರಸೀದಿ. ನಾನೂ ಫೋನಿನಲ್ಲಿ ಫೋಟೋ ನೋಡಿ ಸರಿ ಅನ್ನೋದನ್ನು ಬಿಟ್ಟಿದ್ದೇನೆ.

ನಾಲ್ಕು ಪತ್ರಗಳು ಅವರ ಹತ್ತಿರವೇ ಇವೆ. ಕಾಗದವನ್ನು ಕೆಡಿಸುವ ಪಿವಿಸಿ ಕವರಿನಿಂದ ತೆಗೆದು ಪಾಲಿಯೆಸ್ಟರ್ ಕವರಿಗೆ ಹಾಕಿಸಿದ್ದೇನೆ. ತಮ್ಮ ಕಾಲದ ನಂತರ ಅವು ಅದೇ ಸಂಘಕ್ಕೆ ಹೋಗಬೇಕು ಅಂತ ಉಯಿಲಿನಲ್ಲಿ ಬರೆಸಿದ್ದಾರೆ. ಅಲ್ಲಿ ಮಾತ್ರ 'ದಾನ' ಅನ್ನೋ ಪದ ಇದೆ. ಇನ್ನೂ ಸಿಗದ ಒಂಬತ್ತರ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. ಹರಾಜಿನ ಪಟ್ಟಿ ಬಂದಾಗೆಲ್ಲ ಮೊದಲು ಅದನ್ನು ನೋಡುತ್ತಾರೆ.